ಏಡಿ ಕಡತದ ವಿಲೇವಾರಿ

ಮೊದಲೇ ಹೇಳಿಬಿಡುತ್ತೇನೆ ಸ್ವಾಮಿ, ಇಂಥ ಕಥೆಯನ್ನು ನೀವು ಈ ಜನ್ಮದಲ್ಲಿ ಓದಿಲ್ಲ, ಮುಂದಿನ ಜನ್ಮದಲ್ಲೂ ಗ್ಯಾರಂಟಿ ಇಲ್ಲ. ಒಬ್ಬನೇ ಒಬ್ಬ ಗಂಡು, ಒಂದೇ ಒಂದು ಡೈಲಾಗು, ಒಂದೇ ಒಂದು ಮಧ್ಯಾಹ್ನ. ಅಷ್ಟರಲ್ಲಿ ಇಡೀ ರಾಜ್ಯದ ವಿಜ್ಞಾನ ಬದುಕಿಕೊಂಡಿತು. ಆ ಗಂಡಿನ ಹೆಸರು ಕೆಂಪರಾಜು, ಊರು ಮಂಡ್ಯ. ಅವನು ಎಂಟ್ರಿ ಕೊಟ್ಟರೆ ಸೀಲಿಂಗ್ ಫ್ಯಾನು ತಿರುಗುವುದನ್ನು ನಿಲ್ಲಿಸಿ ಬಗ್ಗಿ ನೋಡುತ್ತಿತ್ತು. ನಂಬದವರು ಈಗಲೇ ಎದ್ದು ಹೋಗಬಹುದು, ಟಿಕೆಟ್ ಕಾಸು ವಾಪಸ್ ಇಲ್ಲ. ಕೂತವರು ಮುಂದಿನವರ ತಲೆ ಪಕ್ಕಕ್ಕೆ ಸರಿಸಿಕೊಂಡು ಕೇಳಿ.

ಕೆಂಪರಾಜು ಕೆಲಸಕ್ಕಿದ್ದದ್ದು ಸುವರ್ಣಮುಖಿ ಟಾಕೀಸಿನಲ್ಲಿ. ಟಾಕೀಸು ಅಂದ ತಕ್ಷಣ ಸಿನಿಮಾ ಅಂದುಕೊಳ್ಳಬೇಡಿ. ಸಿನಿಮಾ ನಿಂತು ಮೂವತ್ತು ವರ್ಷವಾಗಿತ್ತು. ಉಳಿದಿದ್ದದ್ದು ಪರದೆ, ಮೇಲಿನ ಕ್ಯಾಬಿನ್ನು, ಪರದೆಯ ಮುಂದಿನ ನಾಲ್ಕು ಸಾಲು ಗಾಂಧಿ ಕ್ಲಾಸು. ಮಿಕ್ಕ ಜಾಗದ ತುಂಬ ಕಬ್ಬಿಣದ ಕಪಾಟು, ಕಪಾಟಿನ ತುಂಬ ಸರ್ಕಾರದ ಸಂಶೋಧನಾ ಅನುದಾನ ಮಂಡಳಿಯ ಹಳೆಯ ಕಡತ. ಏನು ಕಂಡುಹಿಡಿಯುತ್ತೇನೆಂದು ಯಾರು ಅರ್ಜಿ ಹಾಕಿದರು, ಮಂಡಳಿ ಯಾರಿಗೆ ಹಣ ಕೊಟ್ಟಿತು, ಯಾರನ್ನು ಬರಿಗೈಯಲ್ಲಿ ಕಳಿಸಿತು, ಎಲ್ಲ ಅಲ್ಲಿತ್ತು. ಒಂದು ಕಾಲದಲ್ಲಿ ಕೆಂಪರಾಜುವಿನ ತಾತ ಸಿನಿಮಾ ಓಡಿಸುತ್ತಿದ್ದ ಅದೇ ಕ್ಯಾಬಿನ್ನಿನಲ್ಲಿ ಈಗ ಮೊಮ್ಮಗ ಕೂತು ಬೇರುಗನ್ನಡಿ ಓಡಿಸುತ್ತಿದ್ದ.

ಬೇರುಗನ್ನಡಿ ಅಂದರೆ ಅಕ್ಕಿರೊಟ್ಟಿಯಷ್ಟು ಅಗಲದ ಗಾಜು, ಅದಕ್ಕೊಂದು ಹಿಡಿ. ಯಾವುದೇ ವಸ್ತುವಿನ ಮೇಲೆ ಹಿಡಿದರೆ ಅದು ಯಾವುದರಿಂದ ಆಗಿದೆ, ಹೇಗೆ ಆಗಿದೆ ಎಂದು ಮೊದಲು ಓದುತ್ತದೆ. ಓದಿದ್ದನ್ನು ಟಾಕೀಸಿನ ಕಂಪ್ಯೂಟರಿಗೆ ಕಳಿಸುತ್ತದೆ. ಜಗತ್ತಿನಲ್ಲಿ ಸಿಕ್ಕಷ್ಟು ಸಂಶೋಧನಾ ಲೇಖನ, ಸಿಕ್ಕಷ್ಟು ದೇಶಗಳ ಹಳೆಯ ಕಡತ ಅಲ್ಲಿ ತುಂಬಿದೆ. ಈ ವಸ್ತು ಯಾವ ಪ್ರಯೋಗದಿಂದ ಬಂತು, ಆ ಪ್ರಯೋಗ ಅದಕ್ಕೂ ಹಿಂದಿನ ಯಾವ ಪ್ರಯೋಗದ ಹೆಗಲೇರಿ ಕೂತಿತ್ತು ಎಂದು ಹುಡುಕುತ್ತ ಅದು ಕೆಳಕ್ಕೆ ಇಳಿಯುತ್ತದೆ. ಗಾಜಿನಲ್ಲಿ ಬೆಳ್ಳಗೆ ಒಂದು ಬೇರು ಮೂಡುತ್ತದೆ. ಬೇರಿನ ಒಂದೊಂದು ಗಂಟೂ ಯಾರೋ ಒಬ್ಬ ಮನುಷ್ಯ ಕೇಳಿದ ಒಂದು ಪ್ರಶ್ನೆ. ತಮಾಷೆ ಏನೆಂದರೆ, ಎಷ್ಟೋ ಬೇರುಗಳ ಕಟ್ಟಕಡೆಯ ಗಂಟು ಪ್ರಯೋಗಾಲಯದಲ್ಲಿ ಸಿಗುವುದಿಲ್ಲ, ಯಾವುದೋ ಕಚೇರಿಯ ಮೇಜಿನ ಮೇಲೆ ಸಿಗುತ್ತದೆ. ಒಂದು ಹಾಳೆ, ಒಂದು ಮೊಹರು, ಒಂದು ಸಹಿ: 'ಮಂಜೂರು ಮಾಡಿದೆ.'

ಕನ್ನಡಿ ಪಂಚಾಯಿತಿ ಕಚೇರಿಗಳಿಗೆ ಬಂದ ವರ್ಷ ಜಿಲ್ಲೆಗೇ ಹುಚ್ಚು ಹಿಡಿಯಿತು. ಹೆಣ್ಣಿನ ಕಡೆಯವರು ಗಂಡಿನ ಮೇಲೆ ಹಿಡಿದು ನೋಡಿದರು. ಗಂಡಿನ ಬೇರು ಬರಲಿಲ್ಲ, ಅವನ ಪ್ಯಾಂಟಿನ ಜಿಪ್ಪಿನದು ಬಂತು. ಬಸ್ ಡ್ರೈವರ್ ಒಬ್ಬ ದಾರಿ ಹೇಳುವ ತನ್ನ ನಕ್ಷೆಯ ಮೇಲೆ ಹಿಡಿದ. ಬೇರು ಉಪಗ್ರಹಕ್ಕೆ ಹತ್ತಿತು, ಅಲ್ಲಿಂದ ಗಡಿಯಾರಕ್ಕೆ ಇಳಿಯಿತು, ಕೊನೆಗೆ ನಡುಸಮುದ್ರದಲ್ಲಿ ಹಡಗು ಎಲ್ಲಿದೆ ಎಂದು ಸರಿಯಾಗಿ ಹೇಳುವ ಉಪಾಯ ಹುಡುಕಿದವರಿಗೆ ಬಹುಮಾನ ಕೊಡುತ್ತೇವೆಂದು ಮುನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಕಾಯಿದೆಗೆ ಹೋಗಿ ನಿಂತಿತು. ಅವತ್ತಿನಿಂದ ಆ ಡ್ರೈವರ್ ಗಾಡಿ ತೆಗೆಯುವಾಗ ಊರದೇವತೆಗೆ ಒಂದು, ಗಡಿಯಾರಕ್ಕೆ ಒಂದು, ಎರಡು ಸಲ ಕೈ ಮುಗಿಯುತ್ತಿದ್ದ. ವಾಂತಿಭೇದಿಯಿಂದ ಮಗುವನ್ನು ಉಳಿಸಿಕೊಂಡಿದ್ದ ಒಬ್ಬ ತಾಯಿ ಉಪ್ಪು ಸಕ್ಕರೆ ನೀರಿನ ಪೊಟ್ಟಣದ ಮೇಲೆ ಹಿಡಿದಳು. ಸಕ್ಕರೆ ಕರುಳಿನ ಗೋಡೆಯನ್ನು ಹೇಗೆ ದಾಟುತ್ತದೆ ಎಂದು ತಲೆ ಕೆಡಿಸಿಕೊಂಡವರ ಹೆಸರು ಒಂದರ ಕೆಳಗೊಂದು ಬಂದವು. ಅವಳು ಅಕ್ಷರ ಕೂಡಿಸಿಕೊಂಡು ಒಂದೂ ಬಿಡದೆ ಓದಿದಳು, ಓದಿ ಪಂಚಾಯಿತಿ ಜಗುಲಿಯ ಮೇಲೇ ಕೂತು ಅತ್ತಳು.

ಕೆಂಪರಾಜು ಮಾತ್ರ ಅಳುವ ಪಾರ್ಟಿ ಅಲ್ಲ. ಮೊದಲ ದಿನವೇ ಕನ್ನಡಿಯನ್ನು ಮನೆಗೆ ತಂದು ಅಜ್ಜಿ ದೇವೀರಮ್ಮನ ತಟ್ಟೆಯ ಮೇಲೆ ಹಿಡಿದ.

“ಅಜ್ಜೀ, ನಿನ್ ಮುದ್ದೆ ನಮ್ಮೂರುದ್ದಲ್ಲ! ಆಫ್ರಿಕಾದ ರಾಗಿಗೂ ನಮ್ ರಾಗಿಗೂ ಮದ್ವೆ ಮಾಡ್ಸವ್ರೆ. ಛತ್ರ ಯಾವ್ದು ಗೊತ್ತಾ? ಇಲ್ಲೇ ಮಂಡ್ಯದ ಸರ್ಕಾರಿ ತೋಟ!”

“ಗೊತ್ತು ಕಣ್ಲಾ. ಬೀಗ್ರುನ್ನ ಆಮೇಲ್ ಮಾತಾಡ್ಸೀಯಂತೆ, ಮುದ್ದೆ ಆರೋಯ್ತದೆ, ನುಂಗು.”

ದೇವೀರಮ್ಮ ಮಂಡಳಿಯಲ್ಲಿ ಮೂವತ್ನಾಲ್ಕು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಿಯಾದವರು. ಕಚೇರಿಯ ವಿಷಯ ಮನೆಯಲ್ಲಿ ಎತ್ತುತ್ತಿರಲಿಲ್ಲ. ಮೊಮ್ಮಗ ಬಾಯಿ ತೆರೆದರೆ ಡೈಲಾಗು, ಅಜ್ಜಿ ಬಾಯಿ ತೆರೆದರೆ ಒಂದೇ ಸಾಲು. ಸರ್ಕಾರಿ ಟಿಪ್ಪಣಿ ಬರೆದೂ ಬರೆದೂ ಆ ಅಭ್ಯಾಸ.

ಟಾಕೀಸಿನ ಹಿಂಭಾಗದಲ್ಲಿ, ಇಂಟರ್‌ವಲ್ಲಿನಲ್ಲಿ ಬೋಂಡ ಮಾರುತ್ತಿದ್ದ ಕ್ಯಾಂಟೀನು ಈಗ ಡಾಕ್ಟರ್ ಹಸೀನಾ ಅವರ ಪ್ರಯೋಗಾಲಯ. ಬೋಂಡದ ಗಾಜಿನ ಪೆಟ್ಟಿಗೆಗಳಲ್ಲಿ ಗದ್ದೆ ಏಡಿಗಳು. ಏಡಿ ಬಿಲ ತೋಡಿದ ಮೇಲೆ ಬಾಯಿಗೆ ಒಂದು ಮಣ್ಣಿನ ಬಿರಡೆ ಇಡುತ್ತದೆ. ಸುತ್ತಲ ಬದು ಕರಗಿ ಹೋದರೂ ಆ ಬಿರಡೆ ಕರಗುವುದಿಲ್ಲ. ಯಾಕೆ? ಇದೊಂದೇ ಪ್ರಶ್ನೆಯ ಹಿಂದೆ ಹಸೀನಾ ಮೂರು ವರ್ಷದಿಂದ ಬಿದ್ದಿದ್ದರು, ಮಂಡಳಿಯ ಅನುದಾನದಲ್ಲಿ. ನಾಲ್ಕನೆಯ ವರ್ಷಕ್ಕೆ ಹಾಕಿದ ಅರ್ಜಿ ಇನ್ನೂ ಬಾಕಿ ಇತ್ತು.

“ಹಸೀನಕ್ಕ, ಇದ್ರಿಂದ ಏನ್ ಉಪ್ಯೋಗ?” ಎಂದು ಕೆಂಪರಾಜು ದಿನಕ್ಕೊಂದು ಸಲ ಕೆಣಕುತ್ತಿದ್ದ.

“ಇನ್ನೂ ಗೊತ್ತಿಲ್ಲ ಕಣೋ!” ಅನ್ನುತ್ತಿದ್ದರು ಆಕೆ. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು. ಲಾಟರಿ ಹೊಡೆದವರು ಹಾಗೆ ನಗುತ್ತಾರೆ.

ಇಷ್ಟರಲ್ಲಿ ವಿಲನ್ ಎಂಟ್ರಿ. ಬೇರು ತೋರಿಸುವ ಕನ್ನಡಿಯೇ ಬೇರು ಕೀಳುವವರ ಕೈಗೆ ಗುದ್ದಲಿ ಕೊಟ್ಟಿತ್ತು. ಯಾವ ಅನುದಾನದಿಂದ ಏನು ಹುಟ್ಟಿತು ಎಂದು ಕಾಣುವುದಾದರೆ, ಯಾವುದರಿಂದ ಏನೂ ಹುಟ್ಟಲಿಲ್ಲ ಎಂಬುದೂ ಕಾಣಬೇಕಲ್ಲ? ರಾಜಧಾನಿಯಲ್ಲಿ ಯಾರಿಗೋ ಇದು ಹೊಳೆಯಿತು. 'ಉಪಯೋಗ ಸಮಿತಿ' ಹುಟ್ಟಿತು. ಅದರ ಅಧ್ಯಕ್ಷರು ಧಾರವಾಡದ ಕಡೆಯ ಸಂಗನಬಸಪ್ಪನವರು, ಎಪ್ಪತ್ತರ ಮೇಲಿನ ಹಿರಿಯರು. ಶುಕ್ರವಾರ ಮಧ್ಯಾಹ್ನ ಟಾಕೀಸಿಗೆ ಬರುತ್ತೇವೆ, ಮಂಡಳಿಯಿಂದ ಏನು ಉಪಯೋಗವಾಗಿದೆ ಎಂದು ಕನ್ನಡಿಯಲ್ಲೇ ತೋರಿಸಿ, ತೋರಿಸಲಾಗದಿದ್ದರೆ ಮಂಡಳಿಗೆ ಬೀಗ, ಬಾಕಿ ಅರ್ಜಿಗಳೆಲ್ಲ ರದ್ದು ಎಂದು ಪತ್ರ ಬಂತು.

ಪತ್ರ ಓದಿ ಹಸೀನಾ ಪ್ರಯೋಗಾಲಯಕ್ಕೆ ಹೋದರು. ಏಡಿಗಳಿಗೆ ನೀರು ಬದಲಾಯಿಸಿದರು. ಆಮೇಲೆ ತಮ್ಮಷ್ಟಕ್ಕೇ, “ವಾಪಸ್ ನಾಲೆಗೆ ಬಿಟ್ರೆ ಬದುಕ್ತವೋ ಇಲ್ವೋ. ಇಲ್ಲೇ ಹುಟ್ಟಿದ್ವು” ಅಂದರು. ಅಷ್ಟು ಮೆತ್ತಗಿನ ದನಿಯನ್ನು ಕೆಂಪರಾಜು ಅವರ ಬಾಯಲ್ಲಿ ಕೇಳಿರಲಿಲ್ಲ.

ಹೀರೋ ಸುಮ್ಮನಿರುತ್ತಾನೆಯೇ? ಕೆಂಪರಾಜು ಕ್ಯಾಬಿನ್ನಿಗೆ ನುಗ್ಗಿದ, ಬಾಗಿಲು ಹಾಕಿಕೊಂಡ, ಗೋಡೆಯ ಮೇಲಿನ ತಾತನ ಫೋಟೋ ನೋಡಿ ಗುಡುಗಿದ: “ತಾತಾ! ನೀನು ಸುಳ್ಳನ್ನ ಪರದೆ ಮೇಲೆ ಬಿಟ್ಟು ಊರಿಗೂರೇ ಅಳ್ಸಿದ್ದೆ. ಮೊಮ್ಮಗ ಒಬ್ಬನ್ನ ಒಪ್ಸಕ್ಕಾಗಲ್ವಾ?”

ಅಧ್ಯಕ್ಷರ ಫೋಟೋ ತರಿಸಿ ನೋಡಿದ. ಕಪ್ಪು ಕಟ್ಟಿನ ದಪ್ಪ ಕನ್ನಡಕ. ಸಾಕು. ಎರಡು ದಿನ ಕೂತು ಆ ಕನ್ನಡಕಕ್ಕೆ ಒಂದು ನಕಲಿ ಬೇರು ಹೆಣೆದ. ಗಾಜಿನಿಂದ ಕಟ್ಟಿಗೆ, ಕಟ್ಟಿನಿಂದ ಅದರ ಅಂಟಿಗೆ, ಅಂಟಿನಿಂದ ಗದ್ದೆ ಏಡಿಯ ಮಣ್ಣಿಗೆ, ಅಲ್ಲಿಂದ ನೇರ ಹಸೀನಾ ಅವರ ಕಡತಕ್ಕೆ. ಕೊನೆಯಲ್ಲಿ ಒಂದು ಏಡಿ ಎರಡು ಕೊಂಡಿ ಎತ್ತಿ ನಮಸ್ಕಾರ ಮಾಡುವಂತೆಯೂ ಇಟ್ಟ. ಅದು ಅವನ ಕಲೆ.

ಗುರುವಾರ ಊಟಕ್ಕೆ ಕೂತಾಗ ಅಜ್ಜಿಗೆ ಕಣ್ಣು ಹೊಡೆದ. “ನಾಳೆ ನೋಡಜ್ಜಿ. ಕೆಂಪ ಕೈ ಇಟ್ಟ ಅಂದ್ರೆ ಕನ್ನಡಿನೂ ಸುಳ್ ಹೇಳ್ತದೆ.”

ದೇವೀರಮ್ಮ ಸಾರಿನ ಸೌಟನ್ನು ಎತ್ತಿದವರು ಅಲ್ಲೇ ನಿಲ್ಲಿಸಿದರು. “ಕಡತದೊಳಗೆ ಸುಳ್ಳು ಸೇರಿಸ್ಬ್ಯಾಡ ಕಣ್ಲಾ. ನಿಜ್ವನ್ನೇ ವಸಿ ವಾರೆಯಾಗಿ ನಿಲ್ಸು, ಸಾಕು.”

ಕೆಂಪರಾಜುವಿಗೆ ಅದು ಅರ್ಥವಾಗಲಿಲ್ಲ. ಹೀರೋಗಳಿಗೆ ಅರ್ಥವಾಗುವುದು ಕ್ಲೈಮ್ಯಾಕ್ಸಿನಲ್ಲಿ.

ಶುಕ್ರವಾರ ಸಂಗನಬಸಪ್ಪನವರು ಬಂದರು. ಗಾಂಧಿ ಕ್ಲಾಸಿನ ಮೊದಲ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಸಮಿತಿಯ ಮೂವರು, ಹಿಂದಿನ ಸಾಲಿನಲ್ಲಿ ಹಸೀನಾ ಮತ್ತು ಮಂಡಳಿಯ ನೌಕರರು, ಮೂಲೆಯ ಕುರ್ಚಿಯಲ್ಲಿ ನಿವೃತ್ತರ ಪರವಾಗಿ ದೇವೀರಮ್ಮ.

“ನೋಡ್ರಿ, ನನಗ ಯಾರ ಮ್ಯಾಲೂ ಸಿಟ್ಟಿಲ್ಲ,” ಎಂದರು ಅಧ್ಯಕ್ಷರು. “ಮಂದಿ ರೊಕ್ಕ ಇದು. ಉಪಯೋಗ ಏನು ಅಂತ ಕೇಳೋದು ನನ್ನ ಕೆಲಸ. ಹೂಂ, ತೋರಸ್ರಿ.”

“ಸಾರ್, ತಮ್ಮ ಕನ್ನಡಕದಿಂದಲೇ ಶುರು ಮಾಡಾಣ,” ಎಂದು ಕೆಂಪರಾಜು ಕನ್ನಡಿ ಹಿಡಿದ. ಟಾಕೀಸಿನ ಪರದೆಯ ಮೇಲೆ ಬೇರು ಇಳಿಯಿತು. ಗಾಜು, ಕಟ್ಟು, ಅಂಟು, ಮಣ್ಣು. ಏಡಿ ಬಂದು ನಮಸ್ಕಾರ ಮಾಡಿತು. ಸಮಿತಿಯ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಸಂಗನಬಸಪ್ಪನವರು ಕನ್ನಡಕ ತೆಗೆದು, ಅತ್ತ ಇತ್ತ ತಿರುಗಿಸಿ ನೋಡಿದರು. “ತಮ್ಮಾ, ಈ ಚಾಳೀಸು ನಮ್ಮಪ್ಪಂದು. ಬರೇ ಗಾಜು ಬದಲು ಮಾಡಿಸೀನಿ, ಕಟ್ಟು ಐವತ್ತು ವರ್ಷದ್ದು. ಈ ಡಾಕ್ಟರಮ್ಮನ ಏಡಿ ಕೆಲಸಕ್ಕ ಮೂರು ವರ್ಷ. ಏಡಿ ಅಡ್ಡ ನಡೀತದ ಅಂತ ಕೇಳೀನಿ. ಐವತ್ತು ವರ್ಷ ಹಿಂದಕ್ಕ ನಡದು ಹೋಗಿ ಅಂಟು ಹಚ್ಚಿ ಬರ್ತದಂತ ಕೇಳಿಲ್ಲ.”

ಪರದೆಯ ಮೇಲೆ ಏಡಿ ಮಾತ್ರ ಮತ್ತೆ ಮತ್ತೆ ನಮಸ್ಕಾರ ಮಾಡುತ್ತಲೇ ಇತ್ತು. ಅದನ್ನು ನಿಲ್ಲಿಸುವ ಗುಂಡಿ ಕೆಂಪರಾಜುವಿನ ಕೈಗೆ ಸಿಗಲಿಲ್ಲ. ಹಿಂದಿನಿಂದ ಹಸೀನಾ ಅವರ ಸಣ್ಣ ದನಿ ಬಂತು: “ಮೂರು ವರ್ಷದಲ್ಲಿ ನಾನು ಒಂದು ಅಂಕಿ ಸುಳ್ ಬರ್ದಿಲ್ಲ ಕೆಂಪ. ಒಂದು ನಿಮಿಷ್ದಲ್ಲಿ ನನ್ ಏಡಿ ಕೈಲಿ ಹೇಳಿಸ್ಬುಟ್ಯಲ್ಲ.”

ಅಧ್ಯಕ್ಷರು ಕಿವಿಯೊಳಗಿಂದ ಹುರಿಗಡಲೆಯಷ್ಟು ಚಿಕ್ಕದೊಂದು ಯಂತ್ರ ತೆಗೆದರು. ಕಿವಿ ಮಂದವಾದವರು ಈಗ ಹಾಕಿಕೊಳ್ಳುವುದು ಇದನ್ನೇ. ಸಂತೆಯ ಗದ್ದಲದ ನಡುವೆಯೂ ಎದುರಿಗಿರುವವನ ಒಂದು ದನಿಯನ್ನು ಮಾತ್ರ ಆರಿಸಿ ಕೊಡುತ್ತದೆ. “ಇದಿಲ್ಲದಿದ್ರ ನನಗ ಮೊಮ್ಮಕ್ಕಳ ಮಾತು ಕೇಳಸೂದಿಲ್ಲ. ಇದರ ಬೇರು ತೋರಸ್ರಿ, ಮೋಸ ಇಲ್ಲದ ಹಂಗ. ನಿಮ್ಮ ಮಂಡಳಿ ಹೆಸರು ಅದರಾಗ ಎಲ್ಲೂ ಬರಲಿಲ್ಲಂದ್ರ ಇವತ್ತ ಬೀಗ,” ಎಂದು ಮೇಜಿನ ಮೇಲಿಟ್ಟರು.

ಕೆಂಪರಾಜು ಹೇಗೋ ಏಡಿಯನ್ನು ಅಳಿಸಿ, ಯಂತ್ರದ ಮೇಲೆ ಕನ್ನಡಿ ಹಿಡಿದ. ಬೇರು ನಿಧಾನಕ್ಕೆ ಇಳಿಯತೊಡಗಿತು. ಆಗ, ಹೌದು ಸ್ವಾಮಿ, ಆಗಲೇ ಅವನು ಎದೆಯುಬ್ಬಿಸಿ ನಿಂತು ಆ ಡೈಲಾಗು ಹೊಡೆದ. ಟಾಕೀಸಿನ ತಗಡು ಅದುರಿತು.

“ಬೀಗ ಹಾಕಕ್ಕೆ ಒಂದ್ ಕೈ ಸಾಕು ಸಾರ್! ಬೇರ್ ಬಿಡಕ್ಕೆ ನೂರ್ ವರ್ಷ ಬೇಕು! ಹಣ್ ತಿನ್ನೋನು ಮರ ನೋಡ್ತಾನೆ, ಮರ ನೋಡೋನು ಬೇರ್ ನೋಡ್ತಾನೆ, ಬೇರಿಗ್ ನೀರ್ ಹಾಕ್ದೋನ್ನ ಯಾವನ್ ನೋಡ್ತಾನೆ? ನೋಡಿ ಸಾರ್! ಕಣ್ ಬಿಟ್ಟು ನೋಡಿ!”

ಸಂಗನಬಸಪ್ಪನವರ ಕಣ್ಣಲ್ಲಿ ನೀರು ಬಂತು.

ಪರದೆಯ ಮೇಲೆ ಬೇರು ಇಳಿಯುತ್ತಲೇ ಇತ್ತು. ಕಿವಿಯ ಯಂತ್ರದಿಂದ ಅದರೊಳಗೆ ದನಿಗೆ ಅದುರುವ, ಕೂದಲಿಗಿಂತ ತೆಳ್ಳಗಿನ ತೊಗಲಿಗೆ, ಅದರಿಂದ ಬೇರೆ ಬೇರೆ ದೇಶದ ಆರು ಪ್ರಯೋಗಾಲಯಗಳಿಗೆ, ಆ ಆರೂ ಮತ್ತೆ ಒಂದಾಗಿ ಒಬ್ಬ ಮನುಷ್ಯನಿಗೆ. ಉದ್ದ ಮೀಸೆಯ ಹಸಿರು ಮಿಡತೆಗೆ ಕಿವಿ ತಲೆಯಲ್ಲಿಲ್ಲ, ಮುಂಗಾಲಿನ ಮಂಡಿಯ ಕೆಳಗಿದೆ. ಯಾಕೆ, ಅಲ್ಲಿಂದ ಅದಕ್ಕೆ ಹೇಗೆ ಕೇಳುತ್ತದೆ ಎಂದು ಆತ ತಿಳಿಯಬೇಕೆಂದಿದ್ದ. ಕಡೆಯ ಗಂಟು ಬಂತು. ಮಂಡಳಿಯದೇ ಮೊಹರು. ನಲವತ್ನಾಲ್ಕು ವರ್ಷ ಹಳೆಯ ಹಾಳೆ.

ಮೇಲುಗಡೆ ಅಂದಿನ ಕಾರ್ಯದರ್ಶಿಯ ಹಸಿರು ಶಾಯಿ: 'ಮಿಡತೆ, ಬಸವನಹುಳು ಇತ್ಯಾದಿ ಹದಿನೇಳು ಅರ್ಜಿಗಳು. ಮೇಜಿನ ಮೇಲೆ ಕಸ ಬೆಳೆಯುತ್ತಿದೆ. ಕೂಡಲೇ ವಿಲೇವಾರಿ ಮಾಡಿ.'

ಕೆಳಗೆ ದುಂಡು ಅಕ್ಷರದಲ್ಲಿ ಗುಮಾಸ್ತೆಯ ಟಿಪ್ಪಣಿ: 'ಆದೇಶದಂತೆ ಹದಿನೇಳನ್ನೂ ವಿಲೇವಾರಿ ಮಾಡಲಾಗಿದೆ. ಮಂಜೂರಾತಿ ಪತ್ರಗಳು ತಮ್ಮ ಸಹಿಯೊಂದಿಗೆ ರವಾನೆಯಾಗಿವೆ. ದೇವೀರಮ್ಮ.'

ಕಾರ್ಯದರ್ಶಿಯ ವಿಲೇವಾರಿ ಕಸದ ವಿಲೇವಾರಿ, ಬುಟ್ಟಿಗೆ ಎಸೆಯಿರಿ ಅಂತ. ಗುಮಾಸ್ತೆಯ ವಿಲೇವಾರಿ ಕಡತದ ವಿಲೇವಾರಿ, ತೀರ್ಮಾನ ಮಾಡಿ ಕಳಿಸುವುದು ಅಂತ. ಕೆಂಪರಾಜು ತಲೆಯ ಮೇಲೆ ಕೈ ಇಟ್ಟುಕೊಂಡ. ಬೇರು ಸಿಕ್ಕಿತು ನಿಜ, ಆದರೆ ಬೇರಿನ ತುದಿಯಲ್ಲಿ ಕೂತಿದ್ದದ್ದು ಸ್ವಂತ ಅಜ್ಜಿಯ ತಪ್ಪು!

ಅಧ್ಯಕ್ಷರು ಹಾಳೆಯನ್ನು ಎರಡು ಸಲ ಓದಿದರು. ಯಂತ್ರವನ್ನು ಮೆಲ್ಲಗೆ ಕಿವಿಗೆ ಹಾಕಿಕೊಂಡರು. “ಯಾರು ಈ ದೇವೀರಮ್ಮ?”

ಮೂಲೆಯಲ್ಲಿ ಅಜ್ಜಿ ಎದ್ದು ನಿಂತರು.

“ತಾಯಿ, ಇಷ್ಟೆಲ್ಲಾ ಒಂದು ತಪ್ಪು ತಿಳುವಳಿಕೆಯಿಂದ ಆದದ್ದೇನು?”

“ತಪ್ಪಲ್ಲ ಸ್ವಾಮಿ. ಕಸ ಅಂತ ಸಾಹೇಬ್ರು ಮ್ಯಾಲೇ ಬರ್ದವ್ರೆ, ನಂಗೆ ಕಣ್ಣಿಲ್ವಾ? ಹದಿನೇಳನ್ನೂ ಮನೆಗೆ ತಗಂಡೋಗಿ ಓದಿದ್ದೆ. ಮಿಡತೆಯವ್ರು ಒಂದ್ಸಲ ಬೆಂಕಿಪೊಟ್ಟಣದಲ್ಲಿ ಮಿಡತೆ ಇಟ್ಕಂಡು ಕಚೇರಿಗೇ ಬಂದಿದ್ರು. ಕಾಲು ತೋರಿಸಿದ್ರು. ಇಷ್ಟೇ ಇಷ್ಟು ಕಿವಿ, ಮಂಡಿ ಕೆಳಗೆ. ದೇವ್ರು ಅಲ್ಯಾಕಿಟ್ಟ ಅಂತ ನಂಗೂ ತಿಳ್ಕಬೇಕು ಅನ್ನುಸ್ತು. ಪತ್ರ ಟೈಪ್ ಮಾಡಿ ಸಹಿ ಕಟ್ಟಿನಲ್ಲಿ ಇಟ್ಟೆ. ಸಾಹೇಬ್ರು ನೋಡ್ದೆ ಸಹಿ ಹಾಕಿದ್ರು.”

“ಸಾಹೇಬರಿಗೆ ಗೊತ್ತಾಗಲಿಲ್ಲೇನು?”

“ತಿಂಗಳಾದ ಮ್ಯಾಲೆ ಗೊತ್ತಾಯ್ತು. ಕೂಗಾಡಿದ್ರು. ಸರ್ಕಾರದ ಪದಕೋಶ ತಗಂಡೋಗಿ ಮುಂದೆ ತೆಗ್ದು ಇಟ್ಟೆ. ವಿಲೇವಾರಿ ಅಂದ್ರೆ ಇತ್ಯರ್ಥ ಮಾಡಿ ಕಳ್ಸೋದು ಅಂತ ಅಚ್ಚಾಗಿತ್ತು. ನಕ್ಕುಬುಟ್ರು, ಪುಣ್ಯಾತ್ಮರು.”

“ಹದಿನೇಳರಾಗ ಎಷ್ಟು ಉಪಯೋಗಕ್ಕ ಬಂದ್ವು?”

“ನಂಗೆ ತಿಳ್ದಂಗೆ ಇದೊಂದೇ. ಹದಿನಾರು ಏನೂ ಆಗ್ಲಿಲ್ಲ.” ಅಜ್ಜಿ ಸೆರಗು ಸರಿಮಾಡಿಕೊಂಡರು. “ಯಾವ್ದು ಆಯ್ತದೆ ಅಂತ ಅವತ್ತೇ ಗೊತ್ತಿದ್ದಿದ್ರೆ ಅದೊಂದನ್ನೇ ಕಳಿಸ್ತಿದ್ದೆ ಸ್ವಾಮಿ. ಗೊತ್ತಿಲ್ದಿದ್ದಕ್ಕೇ ಹದಿನೇಳೂ ಕಳಿಸಿದ್ದು.”

ಸಂಗನಬಸಪ್ಪನವರು ಕಿವಿಯನ್ನು ಒಮ್ಮೆ ಮುಟ್ಟಿಕೊಂಡರು. ಪರದೆಯ ಮೇಲಿನ ದುಂಡು ಅಕ್ಷರವನ್ನು ಇನ್ನೊಮ್ಮೆ ಓದಿದರು. ಆಮೇಲೆ ಬಾಕಿ ಅರ್ಜಿಗಳ ಕಟ್ಟನ್ನು ತರಿಸಿದರು. ಎಲ್ಲಕ್ಕಿಂತ ಮೇಲೆ ಏಡಿಯ ಕಡತ. ಪೆನ್ನು ತೆಗೆದು ಒಂದೇ ಸಾಲು ಬರೆದು ಕೆಂಪರಾಜುವಿನ ಕೈಗಿಟ್ಟು ಎದ್ದರು.

'ಬಾಕಿ ಇರುವ ಎಲ್ಲವನ್ನೂ ಕೂಡಲೇ ವಿಲೇವಾರಿ ಮಾಡಿ.'

ಕೆಂಪರಾಜು ಬೆವರಿದ. “ಸಾರ್, ಯಾವ ವಿಲೇವಾರಿ ಸಾರ್?”

ಅಧ್ಯಕ್ಷರು ಬಾಗಿಲಲ್ಲಿ ತಿರುಗಿ ನಿಂತು, ಅವತ್ತು ಮೊದಲ ಸಲ ನಕ್ಕರು. “ನಿಮ್ಮ ಅಜ್ಜಿನ್ನ ಕೇಳ್ರಿ.”

ಇಲ್ಲಿಗೆ ಪಿಕ್ಚರ್ ಮುಗಿಯಿತು, ದೀಪ ಹಾಕಿ. ದೀಪ ಹಾಕಿದ ಮೇಲೆ ಮುಖ ಮುಚ್ಚಿಕೊಳ್ಳುವುದು ಕಷ್ಟ, ಹಾಗಾಗಿ ನಿಜ ಒಪ್ಪಿಕೊಂಡುಬಿಡುತ್ತೇನೆ. ಆ ಕೆಂಪರಾಜು ನಾನೇ. ಟಾಕೀಸಿನ ತಗಡು ಅದುರಿಸಿದ ಆ ಡೈಲಾಗನ್ನು ನಾನು ಹೊಡೆದದ್ದು ನಿಜ. ಆದರೆ ಸಂಗನಬಸಪ್ಪನವರ ಕಿವಿಯ ಯಂತ್ರ ಆಗ ಮೇಜಿನ ಮೇಲಿತ್ತು. ಅವರಿಗೆ ಒಂದಕ್ಷರ ಕೇಳಿಸಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಹಳೆಯ ಕಡತಗಳ ಧೂಳಿಗೆ. ಅವರೇ ಆಮೇಲೆ ಜೀಪು ಹತ್ತುವಾಗ ಹೇಳಿದರು. ರಾಜ್ಯದ ವಿಜ್ಞಾನವನ್ನು ಉಳಿಸಿದ್ದು ನಾನಲ್ಲ. ನನ್ನಿಂದ ಅದು ಮುಳುಗುವುದಿತ್ತು. ಉಳಿಸಿದ್ದು ಒಂದು ಮಿಡತೆಯ ಮಂಡಿ ನೋಡಿ ತಿಳಿಯಬೇಕೆಂದು ಆಸೆಪಟ್ಟ ಇಪ್ಪತ್ತಾರು ವರ್ಷದ ಗುಮಾಸ್ತೆ.

ಏಡಿ? ಈಗ ಆರನೆಯ ವರ್ಷ ನಡೆಯುತ್ತಿದೆ. ಆ ಮಣ್ಣು ನೀರಲ್ಲಿ ಯಾಕೆ ಕರಗುವುದಿಲ್ಲ ಎಂದು ಹಸೀನಕ್ಕನನ್ನು ನಿನ್ನೆಯೂ ಕೇಳಿದೆ. ಕೆಣಕಲು ಅಲ್ಲ, ನನಗೂ ತಿಳಿಯಬೇಕು ಅನ್ನಿಸಿತು. “ಇನ್ನೂ ಗೊತ್ತಿಲ್ಲ ಕಣೋ!” ಅಂದರು. ಅದೇ ನಗು.

ಆ ಶುಕ್ರವಾರ ಸಂಜೆ ಅಜ್ಜಿ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು, ಕನ್ನಡಕ ಏರಿಸಿಕೊಂಡು, “ಡೈಲಾಗ್ ಬ್ಯಾಡ, ಒಂದೇ ಸಾಲು ಬರಿ,” ಅಂದರು. ಬರೆದೆ: 'ಆದೇಶದಂತೆ ಎಲ್ಲವನ್ನೂ ವಿಲೇವಾರಿ ಮಾಡಲಾಗಿದೆ. ಮಂಜೂರಾತಿ ಪತ್ರಗಳು ರವಾನೆಯಾಗಿವೆ.' ವಿಲೇವಾರಿಯ ಲೇ ಎಂಬಲ್ಲಿ ದೀರ್ಘ ಬಿಟ್ಟುಹೋಗಿತ್ತು. ಅಜ್ಜಿ ಪೆನ್ನು ಕಿತ್ತುಕೊಂಡು, ಅದೊಂದನ್ನು ತಾವೇ ಎಳೆದರು.